ಪಾಲಕರ ನಿರ್ಲಕ್ಷ್ಯವೆಂಬ ನೆವ

ಹತ್ತನೆಯ ಇಯತ್ತೆಯ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮೇಲೆ ನಮ್ಮ ಜಿಲ್ಲೆಯಲ್ಲಿ ಅಧಿಕಾರಿಗಳ ಸಭೆಯೊಂದು ಕೂಡುವದುಂಟು. ಫಲಿತಾಂಶದ ಯಾದಿಯ ಮೇಲ್ತುದಿಯಲ್ಲಿ ಬೀದರವು ಕಾಣಿಸಿಕೊಳ್ಳುವ ರೂಢಿ ಇಲ್ಲವಾದ್ದರಿಂದ ಆ ಸಭೆಯಲ್ಲಿ ಕಾರಣಗಳ ಶೋಧನೆ ನಡೆಯುತ್ತದೆ. ಶಿಕ್ಷಕರ ಹುದ್ದೆಗಳು ಖಾಲಿ ಇರುವದು, ಕೊಠಡಿಗಳು ಸೋರುವದು, ಗಡಿಭಾಗದ ಮಕ್ಕಳಿಗೆ ಮನೆಯ ಮಾತೊಂದು ಶಾಲೆಯ ಮಾತೊಂದು ಆಗಿರುವದು, ಇವೆಲ್ಲವೂ ಪ್ರಸ್ತಾಪಕ್ಕೆ ಬಂದು, ಕಟ್ಟಕಡೆಗೆ ಸರ್ವರಿಗೂ ಸಮ್ಮತವಾಗುವ ಒಂದು ಕಾರಣವು ದೊರೆಯುತ್ತದೆ: “ಪಾಲಕರ ನಿರ್ಲಕ್ಷ್ಯ.” ಸಭೆಯಲ್ಲಿ ಪಾಲಕರು ಇರುವದಿಲ್ಲವಾದ್ದರಿಂದ ಈ ತೀರ್ಪಿಗೆ ಪ್ರತಿವಾದವೂ ಇರುವದಿಲ್ಲ. ಅನಂತರ ಚಹಾ ಬರುತ್ತದೆ.

ಅಧಿಕಾರಿವರ್ಗವನ್ನು ಹಳಿಯುವದಕ್ಕಾಗಿ ನಾವು ಇದನ್ನು ಬರೆಯಹೊರಟಿಲ್ಲ. ಕೆಲವು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ನಾವೇ ಅದೇ ತೀರ್ಪನ್ನು ಕೊಟ್ಟಿದ್ದೆವು. ಔರಾದ ತಾಲೂಕಿನ ತಾಂಡಾಗಳ ತಂದೆತಾಯಿಗಳು ಮಕ್ಕಳನ್ನು ಅಜ್ಜಿಯ ಸೆರಗಿಗೆ ಕಟ್ಟಿ ಊರು ಬಿಟ್ಟು ಹೋಗುವರೆಂದೂ, ಹೆತ್ತವರಿಗೇ ಬೇಡವಾದ ವಿದ್ಯೆಯನ್ನು ಸರಕಾರವು ಎಷ್ಟು ದಿನ ತಲೆಯ ಮೇಲೆ ಹೊತ್ತು ತಿರುಗಬೇಕೆಂದೂ ಖಾರವಾಗಿ ಕೇಳಿದ್ದೆವು. ಅನೇಕ ವಾಚಕರು ಮೆಚ್ಚಿ ಪತ್ರ ಬರೆದರು. ಮೆಚ್ಚಿದವರಲ್ಲಿ ತಾಂಡಾದವರು ಒಬ್ಬರೂ ಇರಲಿಲ್ಲವೆಂಬದು ಆಗ ನಮಗೆ ಹೊಳೆಯಲಿಲ್ಲ. ಆ ಬರಹವನ್ನು ನಾವು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಏಕೆಂಬದನ್ನು ಹೇಳುವದು ನಮ್ಮ ಮೇಲಿರುವ ಋಣ.

ಬೀದರ ನಗರದ ಶಿವನಗರದಲ್ಲಿಯೋ ಆದರ್ಶ ಕಾಲೊನಿಯಲ್ಲಿಯೋ ನಮ್ಮ ವಾಚಕರಲ್ಲಿ ಬಹುಮಂದಿ ವಾಸವಾಗಿರುತ್ತಾರೆ. ಅಲ್ಲಿಯ ಒಂದು ಮನೆಯನ್ನು ಹೊಕ್ಕು ನೋಡಿದರೆ ಗೋಡೆಯ ಮೇಲೆ ದೇವರ ಪಟಕ್ಕೆ ಸಮೀಪದಲ್ಲಿಯೇ ಮಗನ ವೇಳಾಪತ್ರಿಕೆಯು ಅಂಟಿರುತ್ತದೆ. ಐದು ಗಂಟೆಗೆ ಏಳುವದು, ಆರಕ್ಕೆ ಭೌತಶಾಸ್ತ್ರದ ಟ್ಯೂಶನ್ನು, ಶಾಲೆಯಿಂದ ಬಂದೊಡನೆ ಜೀವಶಾಸ್ತ್ರ, ರಾತ್ರಿ ಪ್ರಶ್ನೆಪತ್ರಿಕೆಗಳ ಅಭ್ಯಾಸ. ತಾಯಿಯು ಧಾರಾವಾಹಿ ನೋಡುವದನ್ನು ಬಿಟ್ಟು ಎರಡು ವರ್ಷಗಳಾಗಿವೆ. ತಂದೆಯು ಕಚೇರಿಯಿಂದ ಬಂದ ಮೇಲೆ ಮೊದಲು ಕೇಳುವ ಮಾತು “ಇಂದಿನ ಟೆಸ್ಟಿನಲ್ಲಿ ಎಷ್ಟು?” ಎಂಬದು. ಹುಡುಗನಿಗೆ ಹೊಡೆತವಿಲ್ಲ, ಬೈಗಳೂ ಹೆಚ್ಚಿಲ್ಲ. ಆದರೆ ಅವನ ದಿನದ ಒಂದು ಗಳಿಗೆಯೂ ಅವನದಲ್ಲ. ನಮ್ಮ ಮನೆಯ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ನಮ್ಮ ಮೊಮ್ಮಗನಿಗೆ ನೀಟ್ ಪರೀಕ್ಷೆಗೆ ಉಳಿದ ದಿನಗಳ ಲೆಕ್ಕ ಬಾಯಿಪಾಠವಾಗಿರುತ್ತದೆ, ಹೊಲದಲ್ಲಿ ಉದ್ದು ಯಾವದು ಹೆಸರು ಯಾವದು ಎಂದು ಗುರುತಿಸಲು ಬಾರದು.

ಅಲ್ಲಿಂದ ಕೋಟೆಗೋಡೆಯ ಒಳಗಿನ ಹಳೆಯ ಪೇಟೆಗೆ ಹೆಚ್ಚು ದೂರವಿಲ್ಲ. ಚೌಬಾರಾದ ಆಸುಪಾಸಿನ ಗಲ್ಲಿಗಳಲ್ಲಿ ಬಿದರಿ ಕೆಲಸದ ಕುಶಲಿಗಳು ಇದ್ದಾರೆ. ಸತುವು ತಾಮ್ರಗಳನ್ನು ಬೆರಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿಯ ತಂತಿಯನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಈ ವಿದ್ಯೆಯು ಪುಸ್ತಕದಿಂದ ಬಾರದು. ತಂದೆಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಕಲಿತರೆ ಬರುತ್ತದೆ. ಇಂಥ ಮನೆಯಲ್ಲಿ ತಂದೆಯ ಮಾತಿಗೆ ಎದುರಾಡುವದು ಸಲ್ಲದೆಂದರೆ ಅದು ಬರಿಯ ಬಿಗುಮಾನವಲ್ಲ. ಉಳಿಯು ಒಂದು ನೂಲೆಳೆ ಜಾರಿದರೆ ಪಾತ್ರೆಯು ಕೆಟ್ಟಂತೆಯೇ. ತಂದೆಯೇ ಗುರುವಾಗಿರುವಲ್ಲಿ ವಿಧೇಯತೆಯೇ ವಿದ್ಯೆಯ ಮೊದಲ ಮೆಟ್ಟಿಲು. 2023ರಲ್ಲಿ ಈ ಊರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ದೊರೆತಾಗ ನಾವೆಲ್ಲರೂ ಹಿಗ್ಗಿದೆವು. ಆದರೆ ಆ ಗಲ್ಲಿಯಲ್ಲಿ ನಾವು ಮಾತನಾಡಿಸಿದ ಒಬ್ಬ ಕುಶಲಿಯು ತನ್ನ ಮಗನನ್ನು ಉಳಿಯ ಹತ್ತಿರ ಸುಳಿಯಗೊಡುವದಿಲ್ಲವೆಂದು ಹೇಳಿದನು. ಹಾಗಾದರೆ ಅವನನ್ನು ಹೇಗೆ ಬೆಳೆಸುತ್ತೀಯೆಂದು ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ತನಗೆ ಗೊತ್ತಿರುವದು ಕೈಕೆಲಸ ಕಲಿಸುವ ರೀತಿ ಮಾತ್ರವೆಂದೂ, ಇಂಗ್ಲಿಷ್ ಪುಸ್ತಕದ ಮುಂದೆ ಮಗನನ್ನು ಕೂರಿಸಿ ತಾನು ಏನು ಹೇಳಬೇಕೆಂಬದು ತಿಳಿಯದೆಂದೂ ಹೇಳಿದನು. ಕಲಿಸುವ ವಿದ್ಯೆ ಕೈಯಲ್ಲಿದ್ದೂ ಅದಕ್ಕೆ ಬೆಲೆ ಇಲ್ಲವಾದಾಗ ತಂದೆಯು ಮನೆಯಲ್ಲಿಯೇ ನಿರುದ್ಯೋಗಿಯಾಗುತ್ತಾನೆ.

ಭಾಲ್ಕಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕಬ್ಬು, ತೊಗರಿ, ಸೋಯಾಗಳನ್ನು ಬೆಳೆಯುವ ನಾಲ್ಕಾರು ಎಕರೆಯ ಒಕ್ಕಲಿಗನು ಅಲ್ಲಿ ಮಧ್ಯಮನು. ಮಗಳ ಮದುವೆಗೆ ಸಾಲ ಮಾಡುತ್ತಿದ್ದವನು ಈಗ ಮಗನ ಕೋಚಿಂಗಿಗೆ ಸಾಲ ಮಾಡುತ್ತಾನೆ. ಹಂಗಾಮು ಕೆಟ್ಟರೆ ಹುಡುಗನು ನಡುವರ್ಷದಲ್ಲಿ ಊರಿಗೆ ಮರಳುತ್ತಾನೆ.

ಔರಾದದ ಮಾತು ಬೇರೆ. ಜಿಲ್ಲಾ ಸ್ಥಳದಿಂದ ಸುಮಾರು 40 ಕಿಲೋಮೀಟರಿನ ಆಚೆ, ಮಹಾರಾಷ್ಟ್ರ ತೆಲಂಗಾಣಗಳೆರಡಕ್ಕೂ ತಾಗಿಕೊಂಡಿರುವ ಈ ತಾಲೂಕಿನಲ್ಲಿ ಬೇಸಾಯವು ಬಹುಮಟ್ಟಿಗೆ ಮಳೆಯನ್ನು ನಂಬಿರುತ್ತದೆ. ದಸರೆಯ ಹೊತ್ತಿಗೆ ಮುಂಗಾರಿನ ಪೈರು ಮನೆ ಸೇರಿದರೆ ಅಲ್ಲಿಂದ ಮುಂದೆ ಕೂಲಿ ಇಲ್ಲ. ಹೈದರಾಬಾದಿನ ಕಟ್ಟಡಗಳ ಕೆಲಸಕ್ಕೆ, ಪುಣೆ ಮುಂಬಯಿಗಳಿಗೆ, ಕಬ್ಬಿನ ಕಟಾವಿಗೆ ಜನರು ಗುಳೆ ಹೋಗುತ್ತಾರೆ. ಕಬ್ಬಿನ ಕಟಾವಿನಲ್ಲಿ ಗಂಡಹೆಂಡಿರನ್ನು ಕೂಡಿಸಿ ಒಂದು ‘ಕೊಯ್ತಾ’ ಎಂದು ಎಣಿಸುವ ಪದ್ಧತಿಯುಂಟು. ಮುಂಗಡವು ಆ ಲೆಕ್ಕದಲ್ಲಿಯೇ ದೊರೆಯುತ್ತದೆ. ಅಂದರೆ ತಾಯಿಯು ಮಕ್ಕಳ ಬಳಿ ಉಳಿದರೆ ತಂದೆಗೂ ಕೆಲಸವಿಲ್ಲ. ನಾವು ಹೋದ ತಾಂಡಾದಲ್ಲಿ ಒಬ್ಬ ಮುದುಕಿಯು ಮೂವರು ಮೊಮ್ಮಕ್ಕಳನ್ನು ಇಟ್ಟುಕೊಂಡಿದ್ದಳು. ಮಕ್ಕಳು ಓದುತ್ತಾರೆಯೇ ಎಂದು ನಾವು ಪಟ್ಟಣದ ಗತ್ತಿನಿಂದ ಕೇಳಿದಾಗ, “ಹೊಡದ್ರ ಓಡಿ ಹೋಗ್ತಾವ, ಬೈದ್ರ ಉಣ್ಣಂಗಿಲ್ಲ. ಹೊಟ್ಟಿಗಿ ಹಾಕಿ ಮಲಗಸ್ತೀನ್ರಿ ಸಾಹೇಬ್ರ, ಅಷ್ಟೇ ನನ್ನ ಕೈಯಾಗ ಅದ” ಎಂದಳು. ನಾವು ‘ನಿರ್ಲಕ್ಷ್ಯ’ವೆಂದು ಅಚ್ಚು ಹಾಕಿದ್ದು ಇದನ್ನೇ. ಅಂದು ಸಂಜೆ ಕಾರಿನಲ್ಲಿ ಮರಳುವಾಗ ನಾವು ಯಾರೊಡನೆಯೂ ಮಾತನಾಡಲಿಲ್ಲ.

ಈಗ ವಿಚಾರವಂತರು ಕೇಳಬಹುದು: ಒಂದೇ ಜಿಲ್ಲೆಯ ಮೂರು ಸ್ಥಳಗಳಲ್ಲಿ ಮಕ್ಕಳನ್ನು ಬೆಳೆಸುವ ರೀತಿಯು ಇಷ್ಟು ಭಿನ್ನವಾಗಿರುವದಕ್ಕೆ ಜಾತಿ, ಸಂಸ್ಕಾರ, ಮನೆತನದ ಗುಣ ಇವು ಕಾರಣವಲ್ಲವೆ? ಹಾಗೆಂದು ನಂಬುವದು ನಮ್ಮಂಥವರಿಗೆ ಹಿತವಾಗಿರುತ್ತದೆ. ಆದರೆ ಈ ವಿಷಯವನ್ನು ಶೋಧಿಸಿದ ಪರದೇಶದ ಪಂಡಿತರು ಬೇರೆಯೇ ಹೇಳುತ್ತಾರೆ. ಅಮೇರಿಕೆಯ ಸಮಾಜಶಾಸ್ತ್ರಜ್ಞೆ ಅನೆಟ್ ಲರೋ ಎಂಬವರು ಅನೇಕ ಕುಟುಂಬಗಳನ್ನು ಹತ್ತಿರದಿಂದ ನೋಡಿ 2003ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮಧ್ಯಮವರ್ಗದವರು ಮಗುವನ್ನು ತೋಟದ ಗಿಡದಂತೆ ಕತ್ತರಿಸಿ, ಕಟ್ಟಿ, ಗೊಬ್ಬರ ಹಾಕಿ ಬೆಳೆಸುವರು. ದುಡಿಯುವ ವರ್ಗದವರೂ ಬಡವರೂ ಅನ್ನ, ಆಶ್ರಯ, ಪ್ರೀತಿಗಳನ್ನು ಕೊಟ್ಟು ಉಳಿದುದನ್ನು ಮಗುವಿನ ಸಹಜ ಬೆಳವಣಿಗೆಗೆ ಬಿಡುವರು. ಈ ಭೇದವು ಕರಿಯರು ಬಿಳಿಯರು ಎಂಬ ಭೇದಕ್ಕಿಂತ ಹೆಚ್ಚಾಗಿ ವರ್ಗದ ಭೇದವೆಂದು ಅವರು ಕಂಡರು. ಎರಡನೆಯ ಬಗೆಯ ಮಕ್ಕಳು ಅಣ್ಣತಮ್ಮಂದಿರೊಡನೆ ಜಗಳವಾಡುವದು ಕಡಿಮೆಯೆಂದೂ, ಬಂಧುಬಳಗಕ್ಕೆ ಹೆಚ್ಚು ಹತ್ತಿರದವರೆಂದೂ ಅವರು ಬರೆದಿರುತ್ತಾರೆ. ಶಾಲೆ ಕಚೇರಿಗಳು ಮಾತ್ರ ಮೊದಲನೆಯ ಬಗೆಯವರನ್ನೇ ಗುರುತಿಸಿ ಮಣೆ ಹಾಕುತ್ತವೆ.

ಅರ್ಥಶಾಸ್ತ್ರಜ್ಞರಾದ ಡೋಪ್ಕೆ ಮತ್ತು ಜಿಲಿಬೊಟ್ಟಿ ಎಂಬ ಇಬ್ಬರು 2019ರ ತಮ್ಮ ಗ್ರಂಥದಲ್ಲಿ ಇದಕ್ಕೆ ಕಾರಣವನ್ನೂ ಹೇಳಿದರು. ಕಲಿತವನ ಗಳಿಕೆಗೂ ಕಲಿಯದವನ ಗಳಿಕೆಗೂ ಅಂತರವು ಸ್ವಲ್ಪವಿರುವ ಸ್ವೀಡನ್ ಮುಂತಾದ ದೇಶಗಳಲ್ಲಿ ತಂದೆತಾಯಿಗಳು ಮಕ್ಕಳನ್ನು ಆಡಗೊಡುತ್ತಾರೆ, ಏಕೆಂದರೆ ಮಗನು ಬಡಗಿಯಾದರೂ ಮಾನದಿಂದ ಬಾಳುವನೆಂಬ ಭರವಸೆ ಅವರಿಗೆ ಉಂಟು. ಅಮೇರಿಕ, ಚೀನಗಳಂತೆ ಅಂತರವು ಹಿರಿದಾಗಿರುವಲ್ಲಿ ತಂದೆತಾಯಿಗಳು ಮಕ್ಕಳನ್ನು ಅಟ್ಟುತ್ತಾರೆ. ಮಗನು ತಂದೆಯ ಕಸುಬನ್ನೇ ಹಿಡಿಯುವ ಸಮಾಜದಲ್ಲಿ ಕಟ್ಟುನಿಟ್ಟಿನ ಆಜ್ಞೆಯೇ ನಡೆಯುತ್ತದೆ. ಚೌಬಾರಾದ ಕುಶಲಿಯನ್ನು ಆ ಪಂಡಿತರು ಕಂಡಿಲ್ಲ, ಆದರೆ ಅವನ ಮನೆಯ ಮಾತನ್ನೇ ಆಡಿದ್ದಾರೆ.

ಇದೇ ಅಳತೆಗೋಲನ್ನು ನಮ್ಮಲ್ಲಿಗೆ ತಂದು ನೋಡೋಣ. ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ನೀಟ್ ಪರೀಕ್ಷೆಯು 2016ರಿಂದ ಕಡ್ಡಾಯವಾಯಿತು. ಸರಕಾರಿ ಸೀಟು ದೊರೆತವನಿಗೂ, ಕೆಲವೇ ಅಂಕಗಳಿಂದ ತಪ್ಪಿ ಹಣ ಕೊಟ್ಟು ಸೇರಬೇಕಾದವನಿಗೂ ನಡುವೆ ಒಂದು ಮನೆತನದ ಜೀವಮಾನದ ಗಳಿಕೆಯಷ್ಟು ಅಂತರವಿದೆ. ಇಷ್ಟು ಎತ್ತರದ ಗೋಡೆಯ ಮುಂದೆ ನಿಂತ ಶಿವನಗರದ ತಾಯಿಯು ಮಗನನ್ನು ಐದು ಗಂಟೆಗೆ ಎಬ್ಬಿಸದೆ ಏನು ಮಾಡಿಯಾಳು? 1989ರಲ್ಲಿ ಕೆಲವೇ ವಿದ್ಯಾರ್ಥಿಗಳಿಂದ ಆರಂಭವಾದ ಶಾಹೀನ್ ವಿದ್ಯಾಸಂಸ್ಥೆಗೆ ಈಗ ದೇಶದ ನಾನಾ ಕಡೆಯಿಂದ ನೀಟ್ ಅಭ್ಯರ್ಥಿಗಳು ಬರುತ್ತಾರೆ. ಬೀದರವು ಕೋಚಿಂಗಿನ ಊರೆಂದು ಹೆಸರಾಗಿದೆ. ಆ ಗೋಡೆಯನ್ನು ಏರಬಲ್ಲೆನೆಂಬ ಆಸೆ ಇರುವವರಿಗೆ ಅದು ಏಣಿ. ಗೋಡೆಯ ಬುಡಕ್ಕೆ ಬರುವ ದಾರಿಯೇ ಇಲ್ಲದವರು ಮಾತ್ರ ಏಣಿಯ ಗೊಡವೆಗೆ ಹೋಗುವದಿಲ್ಲ. ನಾವು ಅವರನ್ನು ಉದಾಸೀನರೆನ್ನುತ್ತೇವೆ.

ಗಳಿಕೆಯ ಜೊತೆಗೆ ಓಣಿಯ ಮಾತೂ ಇದೆ. ಮನೆಯು ಮಗುವನ್ನು ಬೆಳೆಸುತ್ತದೆಂದು ನಾವು ಹೇಳುತ್ತೇವೆ. ಬಹುಮಟ್ಟಿಗೆ ಓಣಿಯೇ ಬೆಳೆಸುತ್ತದೆ. ಅಮೇರಿಕ ಸರಕಾರವು 1994ರಿಂದ ಐದು ಮಹಾನಗರಗಳಲ್ಲಿ ಒಂದು ಪ್ರಯೋಗ ನಡೆಸಿತು. ಬಡ ಓಣಿಗಳ ಕುಟುಂಬಗಳಲ್ಲಿ ಚೀಟಿ ಎತ್ತಿ, ಹೆಸರು ಬಂದವರಿಗೆ ಅನುಕೂಲಸ್ಥರ ಓಣಿಗೆ ಹೋಗಿ ಬಾಡಿಗೆ ಇರಲು ನೆರವು ಕೊಟ್ಟಿತು. ದಿಲ್ಲಿಯಲ್ಲಿ ಹುಟ್ಟಿದ ರಾಜ್ ಚೆಟ್ಟಿಯವರೂ ಸಂಗಡಿಗರೂ ಆ ಮಕ್ಕಳು ದೊಡ್ಡವರಾದ ಮೇಲೆ ಅವರ ಗಳಿಕೆಯನ್ನು ಲೆಕ್ಕ ಹಾಕಿದರು. 13 ವರ್ಷಕ್ಕೆ ಮೊದಲು ಓಣಿ ಬದಲಿಸಿದ ಮಕ್ಕಳ ಗಳಿಕೆಯು ಹಾಗೆ ಹೋಗದವರಿಗಿಂತ ನೂರಕ್ಕೆ 31ರಷ್ಟು ಹೆಚ್ಚಾಗಿತ್ತು. ಅದಕ್ಕೂ ದೊಡ್ಡವರಾದ ಮೇಲೆ ಹೋದವರಿಗೆ ಲಾಭ ಕಾಣಲಿಲ್ಲ. ತಂದೆತಾಯಿಗಳು ಅವರೇ, ಅವರ ಗುಣವೂ ಅದೇ. ಬದಲಾದದ್ದು ಸುತ್ತಲಿನ ನೆರೆಹೊರೆ.

ಅನುಕೂಲಸ್ಥರ ಓಣಿಯಲ್ಲಿ ಇರುವದಾದರೂ ಏನು? ಸಣ್ಣ ಸಂಗತಿಗಳೇ. ಯಾವ ಅರ್ಜಿಯನ್ನು ಯಾವ ತಾರೀಖಿನೊಳಗೆ ತುಂಬಬೇಕೆಂಬದನ್ನು ಬಲ್ಲ ಒಬ್ಬ ಪಕ್ಕದ ಮನೆಯವನು. ಕಾಲೇಜು ಕಂಡ ಒಬ್ಬ ಅಕ್ಕ. ರಾತ್ರಿ ಒಂಬತ್ತರವರೆಗೆ ಕೂರಲು ದೀಪವಿರುವ ಒಂದು ಜಾಗ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಆರನೆಯ ಇಯತ್ತೆಯಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಬಡ ಮಕ್ಕಳಿಗಾಗಿಯೇ ಇರುವ ಒಳ್ಳೆಯ ಏರ್ಪಾಡದು. ಅದೇ ತಾಂಡಾದ ಒಬ್ಬ ತಂದೆಗೆ ಆ ಶಾಲೆಯ ಹೆಸರು ಗೊತ್ತಿತ್ತು. ಅರ್ಜಿಯ ದಿನ ಕಳೆದುಹೋದದ್ದು ಗೊತ್ತಿರಲಿಲ್ಲ, ಅವನು ಆಗ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದನು. ಇದನ್ನು ಅವನು ದೂರೆಂದು ಹೇಳಲಿಲ್ಲ, ಸಹಜವೆಂಬಂತೆ ಹೇಳಿದನು.

ಹೆಣ್ಣುಮಕ್ಕಳ ವಿಷಯದಲ್ಲಿ ಓಣಿಯು ಇನ್ನೂ ಕಠಿಣ. ಏಳನೆಯ ಇಯತ್ತೆ ಮುಗಿದೊಡನೆ ಮಗಳನ್ನು ಶಾಲೆ ಬಿಡಿಸಿದ ತಾಯಿಯನ್ನು ನಾವು ಹಳೆಯ ಕಾಲದವಳೆನ್ನುತ್ತೇವೆ. ಪ್ರೌಢಶಾಲೆಯು ನಾಲ್ಕು ಮೈಲು ದೂರ, ಬಸ್ಸು ಬರುವದು ಕತ್ತಲಾದ ಮೇಲೆ, ನಿಲ್ದಾಣದಿಂದ ಮನೆಯವರೆಗೆ ದೀಪವಿಲ್ಲ, ತಾನು ಆರು ತಿಂಗಳು ಊರಲ್ಲಿ ಇರುವದಿಲ್ಲ. ಹೀಗಿರಲಾಗಿ ಅವಳು ಮಗಳನ್ನು ಬಿಗಿಹಿಡಿಯುತ್ತಾಳೆ, ಇಲ್ಲವೆ ಬೇಗನೆ ಮದುವೆ ಮಾಡಿ ಕೈತೊಳೆದುಕೊಳ್ಳುತ್ತಾಳೆ. ಬಾಲ್ಯವಿವಾಹವು 2006ರ ಕಾಯದೆಯ ಪ್ರಕಾರ ಅಪರಾಧ. ಕಾಯದೆಯು ಸರಿ. ಆದರೆ ಶಿವನಗರದ ತಾಯಿಯು ಮಗಳನ್ನು ಸ್ಕೂಟಿಯ ಮೇಲೆ ಬಿಟ್ಟು ಬಂದು ನಿಶ್ಚಿಂತಳಾಗಿರುವದಕ್ಕೆ ಅವಳ ಉದಾರ ಮನಸ್ಸೊಂದೇ ಕಾರಣವಲ್ಲ, ಬೀದಿಯ ದೀಪವೂ ಕಾರಣ.

ನಮ್ಮ ಪ್ರಾಂತವು ಹಿಂದುಳಿದಿದೆಯೆಂದು ನಾವು ಬಹುಕಾಲ ಕೂಗಿದೆವು, ಕೂಗಿದ್ದು ನ್ಯಾಯವೇ. 1948ರ ಸಪ್ಟೆಂಬರಿನಲ್ಲಿ ನಿಜಾಮನ ಆಳಿಕೆಯು ಕೊನೆಗೊಂಡು, 1956ರಲ್ಲಿ ನಾವು ಕನ್ನಡನಾಡನ್ನು ಕೂಡಿಕೊಂಡ ಮೇಲೂ ಹಿಂದುಳಿದಿರುವಿಕೆ ತೀರಲಿಲ್ಲ. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಔರಾದವೂ ಭಾಲ್ಕಿಯೂ ಅವುಗಳಲ್ಲಿ ಸೇರಿದ್ದವು. ಕೊನೆಗೆ ಸಂವಿಧಾನಕ್ಕೆ 371(ಜೆ) ಕಲಮು ಸೇರಿತು. ನಮ್ಮ ಪ್ರಾಂತದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆಯಲ್ಲಿ ನೂರಕ್ಕೆ 8 ಸ್ಥಾನಗಳು ನಮ್ಮ ಮಕ್ಕಳಿಗೆ ಮೀಸಲಾದವು. ಒಂದು ಅಪ್ರಿಯ ಮಾತನ್ನು ಇಲ್ಲಿ ಹೇಳಲೇಬೇಕು. ಈ ಕಲಮು ಬೆಂಗಳೂರಿಗೂ ಬೀದರಕ್ಕೂ ಇದ್ದ ಅಂತರವನ್ನು ನೋಡಿತು. ಶಿವನಗರಕ್ಕೂ ತಾಂಡಾಕ್ಕೂ ಇರುವದನ್ನು ನೋಡಲಿಲ್ಲ. ಅದರ ಕಣ್ಣಿಗೆ ನಮ್ಮ ಮೊಮ್ಮಗನೂ ಆ ಮುದುಕಿಯ ಮೊಮ್ಮಗನೂ ಒಂದೇ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತರೆ ಯಾರು ಮುಂದೆ ಬರುವರೆಂಬದು ನಮಗೆ ಗೊತ್ತಿದೆ, ಗೊತ್ತಿದ್ದೇ ಸುಮ್ಮನಿದ್ದೇವೆ.

ಕೆಲವರು ಹೇಳುವರು: ಬಡತನದಲ್ಲಿ ಬೆಳೆದು ದೊಡ್ಡವರಾದವರು ಬೇಕಾದಷ್ಟು ಮಂದಿ ಇಲ್ಲವೆ? ಇದ್ದಾರೆ. ಅಂಥವರ ಚರಿತ್ರೆಯನ್ನು ಕೆದಕಿ ನೋಡಿದರೆ ಯಾರೋ ಒಬ್ಬರು ಅವರ ಓಣಿಯನ್ನು ಬದಲಿಸಿರುತ್ತಾರೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಕನ್ನಡದ ಅಭಿಮಾನವನ್ನು ಮಾತ್ರ ಅದರಲ್ಲಿ ಕಂಡು, ಅವರು ಮಕ್ಕಳಿಗೆ ಅನ್ನವನ್ನೂ ಮಲಗುವ ಜಾಗವನ್ನೂ ಕೊಟ್ಟರೆಂಬದನ್ನು ಮರೆಯುತ್ತೇವೆ. ನಿಮ್ಮ ತಂದೆತಾಯಿಗಳು ಲಕ್ಷ್ಯ ಕೊಡುವದಿಲ್ಲವೆಂದು ಅವರು ಮಕ್ಕಳನ್ನು ಹಿಂದಕ್ಕೆ ಕಳಿಸಲಿಲ್ಲ. ಕರಡ್ಯಾಳದ ಗುರುಕುಲವು ಆ ಹಾದಿಯಲ್ಲಿಯೇ ನಡೆದಿರುತ್ತದೆ. 1472ರ ಸುಮಾರಿಗೆ ಮಹಮೂದ್ ಗಾವಾನನು ಬೀದರದಲ್ಲಿ ಕಟ್ಟಿಸಿದ ಮದರಸಾದಲ್ಲಿಯೂ ಪಾಠದ ಕೋಣೆಗಳ ಜೊತೆಗೆ ವಿದ್ಯಾರ್ಥಿಗಳ ವಾಸದ ಕೋಣೆಗಳು ಇದ್ದವು.

ಹಾಗಾದರೆ ಮಾಡಬೇಕಾದದ್ದೇನು? ಅಂಗನವಾಡಿಯು ಕೂಲಿಯ ಹೊತ್ತು ಮುಗಿಯುವವರೆಗೆ ತೆರೆದಿರಬೇಕು. 2023–24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವದಾಗಿ ಸಾರಿದರಲ್ಲ, ಅದು ಔರಾದದ ಯಾವ ಯಾವ ತಾಂಡಾದಲ್ಲಿ ಕೂಸನ್ನು ಎತ್ತಿಕೊಂಡಿದೆಯೆಂಬದನ್ನು ಊರುಸಹಿತ ಪ್ರಕಟಿಸಲಿ. ಪಂಚಾಯಿತಿಯ ಗ್ರಂಥಾಲಯದ ದೀಪವು ರಾತ್ರಿ ಒಂಬತ್ತರವರೆಗೆ ಉರಿಯಲಿ. 2001ರಲ್ಲಿ ಶಾಲಾಭಿವೃದ್ಧಿ ಸಮಿತಿಗಳನ್ನು ಮಾಡಿ ಪಾಲಕರಿಗೆ ಅಧಿಕಾರ ಕೊಟ್ಟರು. ಪಾಲಕರ ಸಭೆಯನ್ನು ಮುಂಜಾನೆ ಹನ್ನೊಂದಕ್ಕೆ ಕರೆದರೆ ಬರುವದಕ್ಕೆ ಒಂದು ದಿನದ ಕೂಲಿ ಬೀಳುತ್ತದೆ. ಸಂಜೆ ಏಳಕ್ಕೆ ಕರೆಯಿರಿ, ಬರುತ್ತಾರೆ.

ಇನ್ನೊಂದು ಮಾತು ಅಧಿಕಾರಿ ವಾಚಕರಿಗೆ. 2015ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಸರಕಾರಿ ನೌಕರರ ಮಕ್ಕಳು ಸರಕಾರಿ ಶಾಲೆಯಲ್ಲಿಯೇ ಓದಬೇಕೆಂದು ತೀರ್ಪು ಕೊಟ್ಟಿತು. ಅದು ಕಾಗದದಲ್ಲಿಯೇ ಉಳಿಯಿತು. ಅಂಥ ಕಡ್ಡಾಯವನ್ನು ನಾವು ಬೇಡುವದಿಲ್ಲ. ನಮ್ಮ ಮೊಮ್ಮಗನು ಖಾಸಗಿ ಶಾಲೆಯ ವ್ಯಾನಿನಲ್ಲಿ ಹೋಗುತ್ತಿರುವಾಗ ಬೇಡುವ ಮುಖವೂ ನಮಗಿಲ್ಲ. ಮುಂದಿನ ಸಭೆಯಲ್ಲಿ ‘ಪಾಲಕರ ನಿರ್ಲಕ್ಷ್ಯ’ವೆಂದು ಬರೆಯುವ ಮೊದಲು, ಆ ಸಭೆಯನ್ನು ಒಮ್ಮೆ ಔರಾದದ ತಾಂಡಾದಲ್ಲಿ, ದಸರೆ ಕಳೆದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಕೂಡಿಸಬೇಕೆಂದು ಮಾತ್ರ ಕೇಳುತ್ತೇವೆ.

ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನ ವಸತಿ ನಿಲಯಗಳನ್ನು ತೆರೆಯುವ ಅವಕಾಶವು ಸರಕಾರದ ಶಿಕ್ಷಣ ಯೋಜನೆಯಲ್ಲಿಯೇ ಉಂಟು. ಮೇಸ್ತ್ರಿಯ ಲಾರಿ ತಾಂಡಾಕ್ಕೆ ಬರುವದು ದಸರೆಯ ಮರುವಾರ. ಅನುದಾನದ ಕಾಗದವು ಪುಷ್ಯಮಾಸದಲ್ಲಿ ಬಂದರೆ ನಿಲಯಕ್ಕೆ ಮಕ್ಕಳು ಸಿಕ್ಕುವದಿಲ್ಲ. ಈ ವರ್ಷ ಭಾದ್ರಪದ ಮುಗಿಯುವದರೊಳಗೆ ಔರಾದ, ಕಮಲನಗರ, ಭಾಲ್ಕಿ ತಾಲೂಕುಗಳಲ್ಲಿ ಎಷ್ಟು ನಿಲಯಗಳು ಬಾಗಿಲು ತೆರೆಯುವವೆಂಬದನ್ನು ಶಿಕ್ಷಣ ಇಲಾಖೆಯವರು ತಿಳಿಸಿದಲ್ಲಿ ಆ ಯಾದಿಯನ್ನು ನಾವು ಮೊದಲ ಪುಟದಲ್ಲಿ ಅಚ್ಚು ಹಾಕುವೆವು.